ಒಂದು ಚೊಂಬು ಬಿಸಿಲಿಗೆ ಮೂರು ಹಂಡೆ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಮೊಬೈಲ್ ತಿರುಗಿಸಿ ಫೋಟೋ ತೋರಿಸಿದ. ಸಕಲೇಶಪುರದ ಹತ್ತಿರ ಒಂದೆಕರೆ ಜಾಗ ತಗೊಂಡಿದ್ದಾನೆ. ಅಲ್ಲೊಂದು ಪುಟ್ಟ ಮನೆ, ಮಾಡಿನ ಮೇಲೆ ಒಂದು ಸೋಲಾರ್ ಪ್ಯಾನಲ್, ಒಳಗೆ ಗೋಡೆಯ ಪಕ್ಕ ಸಾಲಾಗಿ ನಾಲ್ಕು ದೊಡ್ಡ ಬ್ಯಾಟರಿ. "ಫುಲ್ ಆಫ್-ಗ್ರಿಡ್ ಮಗಾ" ಅಂದ. ಟೇಬಲ್ಲಿನಲ್ಲಿದ್ದವರೆಲ್ಲ ಫೋನು ಕೈಯಿಂದ ಕೈಗೆ ದಾಟಿಸಿ, ಝೂಮ್ ಮಾಡಿ ಬ್ಯಾಟರಿ ನೋಡಿದರು. ಪ್ಯಾನಲ್ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ.

"ಪ್ಯಾನಲ್ ಎಷ್ಟು ವ್ಯಾಟು?" ಕೇಳಿದೆ.

"ನೂರು."

"ಬ್ಯಾಟರಿ?"

"150 ಎಎಚ್‌ದು ನಾಲ್ಕು. ಬ್ಯಾಕಪ್ ಧಾರಾಳವಾಗಿರ್ಲಿ ಅಂತ."

ನನಗೆ ಸಿಟ್ಟು ಬಂತು. ಅವನ ಮೇಲೆ ಸ್ವಲ್ಪ, ಅವನಿಗೆ ನಾಲ್ಕು ಬ್ಯಾಟರಿ ಕಟ್ಟಿ ಕಳಿಸಿದ ಅಂಗಡಿಯವನ ಮೇಲೆ ಸ್ವಲ್ಪ, ಮಿಕ್ಕಿದ್ದೆಲ್ಲ ನನ್ನ ಮೇಲೆ. ಯಾಕೆಂದರೆ ಇದೇ ದಡ್ಡತನವನ್ನು ನಾನು ನಮ್ಮಮ್ಮನ ಮನೆಯಲ್ಲಿ ಮಾಡಿದ್ದೆ. ಅದರ ಬೆಲೆ ಕೊಟ್ಟಿದ್ದು ಅಮ್ಮ. ಆ ಕತೆಗೆ ಆಮೇಲೆ ಬರ್ತೀನಿ. ಮೊದಲು ಲೆಕ್ಕ.

ನೂರು ವ್ಯಾಟಿನ ಪ್ಯಾನಲ್ ಅಂದರೆ ನೆತ್ತಿಯ ಮೇಲೆ ಸುಡುವ ಬಿಸಿಲಿದ್ದಾಗ ಐದೂವರೆ ಆಂಪಿಯರಿನಷ್ಟು ಕರೆಂಟು ಕೊಡುವ ಹಲಗೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಬೆಳಕಿದ್ದರೂ, ಇಳಿಬಿಸಿಲು ಏರುಬಿಸಿಲು ಎಲ್ಲ ಸೇರಿಸಿ ಕಳೆದು ನೋಡಿದರೆ ದಕ್ಕುವುದು ಒಳ್ಳೆಯ ದಿನದಲ್ಲಿ ಐದು ಗಂಟೆಯ ಪೂರ್ತಿ ಬಿಸಿಲಿಗೆ ಸಮ. ಅಂದರೆ ದಿನಕ್ಕೆ 27-28 ಆಂಪಿಯರ್ ಅವರ್. ಅವನ ನಾಲ್ಕು ಬ್ಯಾಟರಿ ಸೇರಿದರೆ 600. ಭಾಗಿಸಿ ನೋಡಿ. ಖಾಲಿ ಬ್ಯಾಟರಿ ತುಂಬಲು, ಮನೆಯಲ್ಲಿ ಒಂದೇ ಒಂದು ಬಲ್ಬು ಹಾಕದೆ, ಒಂದು ಮೋಡವೂ ಬರದೆ, ಮೂರು ವಾರ ಬೇಕು. ಸಕಲೇಶಪುರದಲ್ಲಿ. ಜುಲೈ ತಿಂಗಳಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಅಂತ ಹಿರಿಯರು ಯಾವುದಕ್ಕೆ ಹೇಳಿದರೋ ಗೊತ್ತಿಲ್ಲ, ಈ ಫೋಟೋದ ಕೆಳಗೆ ಬರೆಯಲು ಹೇಳಿ ಮಾಡಿಸಿದ ಹಾಗಿದೆ.

ನಮ್ಮಂಥವರಿಗೆ ಇದು ಅರ್ಥವಾಗುವ ಭಾಷೆಯಲ್ಲಿ ಹೇಳ್ತೀನಿ. ನಿಮ್ಮ ಸಂಬಳ ತಿಂಗಳಿಗೆ ಇಷ್ಟು ಅಂತ ಇದೆ. ಸಾಲ್ತಾ ಇಲ್ಲ. ಏನು ಮಾಡ್ತೀರಿ? ಇನ್ನೂ ಮೂರು ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೀತೀರಾ? ತೆರೆದರೆ ಸಂಬಳ ನಾಲ್ಕು ಪಟ್ಟು ಆಗುತ್ತಾ? ಆಗಲ್ಲ. ಆಗುವುದೇನೆಂದರೆ, ಇದ್ದ ದುಡ್ಡು ನಾಲ್ಕು ಕಡೆ ಹರಿದು ಹಂಚಿಹೋಗಿ, ಯಾವ ಖಾತೆಯಲ್ಲೂ ಮಿನಿಮಮ್ ಬ್ಯಾಲೆನ್ಸ್ ಇಲ್ಲದೆ, ನಾಲ್ಕೂ ಬ್ಯಾಂಕಿನವರು ದಂಡ ಕತ್ತರಿಸುತ್ತಾರೆ. ಪ್ಯಾನಲ್ ಸಂಬಳ. ಬ್ಯಾಟರಿ ಖಾತೆ. ಇಷ್ಟೇ ವಿಷಯ. ಸಿಎ ಹತ್ತಿರ ಕೂತು ತೆರಿಗೆ ಉಳಿಸುವ ಜನ, ಮಾಡಿನ ಮೇಲಿನ ಲೆಕ್ಕಕ್ಕೆ ಬಂದಾಗ ಯಾಕೆ ಹೀಗಾಗ್ತೀವಿ?

ಆ ದಂಡ ಅನ್ನೋದು ಬರೀ ಹೋಲಿಕೆಗೆ ಹೇಳಿದ್ದಲ್ಲ. ಲೆಡ್-ಆಸಿಡ್ ಬ್ಯಾಟರಿ, ಅಂದರೆ ನಮ್ಮ ಮನೆಗಳ ಯುಪಿಎಸ್ ಕೆಳಗೆ ಕೂತಿರುತ್ತಲ್ಲ ಆ ನೀರು ಹಾಕುವ ಬ್ಯಾಟರಿ, ಸುಮ್ಮನೆ ಕೂತರೂ ತನ್ನೊಳಗೇ ಸ್ವಲ್ಪ ಸೋರುತ್ತದೆ. ತಿಂಗಳಿಗೆ ನೂರಕ್ಕೆ ಐದು ಅಂತಿಟ್ಟುಕೊಂಡರೂ 600ಕ್ಕೆ 30. ಒಂದಿಡೀ ದಿನದ ಬಿಸಿಲು, ಯಾರಿಗೂ ಬೆಳಕು ಕೊಡದೆ, ಬ್ಯಾಟರಿಗಳ ಬಾಡಿಗೆಗೆ ಹೋಯಿತು. ಬ್ಯಾಟರಿ ಹಳೆಯದಾದಷ್ಟೂ ಈ ಬಾಡಿಗೆ ಏರುತ್ತದೆ.

ಅದಕ್ಕಿಂತ ದೊಡ್ಡ ದಂಡ ಇನ್ನೊಂದು. ಈ ಬ್ಯಾಟರಿಗೆ ಹಸಿವು ತಡೆಯುವ ಶಕ್ತಿ ಇಲ್ಲ. ಕರೆಂಟು ಖರ್ಚಾದಾಗ ಒಳಗಿನ ಸೀಸದ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಪೂರ್ತಿ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ಅದೇ ಗಟ್ಟಿ ಹರಳಾಗಿ, ಹಂಡೆಯ ಒಳಗೆ ಕಟ್ಟಿದ ಸುಣ್ಣದ ಹಾಗೆ, ಅಲ್ಲೇ ಕೂತುಬಿಡುತ್ತದೆ. ಮತ್ತೆ ಏನು ಮಾಡಿದರೂ ಪೂರ್ತಿ ಬಿಡಲ್ಲ. 150ರ ಬ್ಯಾಟರಿ 80ರದ್ದಾಗುತ್ತೆ, ಆಮೇಲೆ 40. ಹೊರಗಿನಿಂದ ನೋಡಿದರೆ ಅದೇ ಬ್ಯಾಟರಿ, ಅದೇ ಸ್ಟಿಕ್ಕರು.

ಹೀಗಾಗಬಾರದೆಂದರೆ ಬ್ಯಾಟರಿಯ ಗಾತ್ರದ ಹತ್ತನೇ ಒಂದು ಭಾಗದಷ್ಟು ಕರೆಂಟಾದರೂ ಅದಕ್ಕೆ ಸಿಗಲಿ ಅನ್ನುವುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಸೋಲಾರಿನಲ್ಲಿ ಇಪ್ಪತ್ತನೇ ಒಂದು ಭಾಗ ಸಿಕ್ಕರೂ ಹೇಗೋ ಸಾಗುತ್ತೆ. ನನ್ನ ಗೆಳೆಯನ ಬ್ಯಾಟರಿಗಳಿಗೆ ಸಿಗುತ್ತಿರುವುದು ನೂರನೇ ಒಂದು ಭಾಗ.

ಸರ್ಕಾರದ ಹಳೆಯ ಸೋಲಾರ್ ಗೃಹದೀಪ ಮಾದರಿಗಳನ್ನು ತೆಗೆದು ನೋಡಿ. 37 ವ್ಯಾಟ್ ಪ್ಯಾನಲ್ಲಿಗೆ 40 ಎಎಚ್ ಬ್ಯಾಟರಿ. 74 ವ್ಯಾಟಿಗೆ 75 ಎಎಚ್. ಹೆಚ್ಚು ಕಡಿಮೆ ವ್ಯಾಟಿಗೊಂದು ಎಎಚ್. ಸರ್ಕಾರಿ ಕೆಲಸ ಅಂತ ನಾವು ನಗಾಡುವ ಕಡತದಲ್ಲಿ ಯಾರೋ ಕೂತು ಲೆಕ್ಕ ಹಾಕಿದ್ದರು. ಇಂಜಿನಿಯರಿಂಗ್ ಓದಿದ ನಾವು ಹಾಕಲಿಲ್ಲ.

ಈಗ ಅಮ್ಮನ ಕತೆ.

ನಮ್ಮ ಮನೆ ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿದೆ. ಕರೆಂಟಿನ ಕಂಬ ಇದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಬ ಬರೀ ಕಾಗೆ ಕೂರಲಿಕ್ಕೆ. ಒಂದು ಮರ ಬಿದ್ದರೆ ನಾಲ್ಕು ದಿನ. ಹಾಗಾಗಿ 2018ರಲ್ಲಿ ಅಪ್ಪ ಇದ್ದಾಗಲೇ 75 ವ್ಯಾಟಿನ ಒಂದು ಪ್ಯಾನಲ್, 75 ಎಎಚ್ ಬ್ಯಾಟರಿ ಹಾಕಿಸಿದ್ದರು. ಮೂರು ವ್ಯಾಟಿನ ಮೂರು ಎಲ್‌ಇಡಿ ದೀಪ: ಅಡುಗೆಮನೆಗೊಂದು, ಜಗಲಿಗೊಂದು, ಹೊರಗೆ ಕೊಟ್ಟಿಗೆಗೆ ಹೋಗುವ ಮೆಟ್ಟಿಲಿಗೊಂದು. ಜೊತೆಗೆ ಒಂದು ಮೊಬೈಲ್ ಚಾರ್ಜು. ದಿನದ ಖರ್ಚು ಐದು ಎಎಚ್. ಬಿಸಿಲಿದ್ದರೆ ಬರುತ್ತಿದ್ದುದು, ಸೋರಿಕೆ ಕಳೆದು, ಹದಿನೆಂಟು. ಜಡಿಮಳೆಯ ದಿನವೂ ಏಳೆಂಟು. ಎರಡು ಮಳೆಗಾಲ ಕಳೆಯಿತು, ದೀಪ ಒಂದು ದಿನ ಆರಲಿಲ್ಲ. ಅಪ್ಪ ಏಳನೇ ಕ್ಲಾಸು ಓದಿದವರು.

2020ರಲ್ಲಿ ಲಾಕ್‌ಡೌನ್ ಆಯಿತು, ನಾನು ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದೆ. ಇಂಟರ್ನೆಟ್ ಕಡಿಯಬಾರದಲ್ಲ, ರೌಟರನ್ನು ಸೋಲಾರಿಗೆ ಹಾಕಿಸಿದೆ. ಮರುವರ್ಷ ಅಪ್ಪ ಹೋದರು. ಅಮ್ಮ ಒಬ್ಬರೇ. ಬೆಂಗಳೂರಿಗೆ ವಾಪಸ್ ಹೊರಡುವ ಮುನ್ನ ಅಂಗಳಕ್ಕೊಂದು ಕ್ಯಾಮೆರಾ ಹಾಕಿಸಿದೆ. ಎಲ್ಲಿದ್ದರೂ ಅಮ್ಮನನ್ನು ನೋಡಬಹುದು ಅಂತ. ನಿಮ್ಮಲ್ಲಿ ಎಷ್ಟೋ ಜನ ಹಾಕಿಸಿರುತ್ತೀರಿ.

ಕಂಟ್ರೋಲರ್ ಅಂತ ಒಂದು ಸಣ್ಣ ಡಬ್ಬಿ ಇರುತ್ತೆ. ಬ್ಯಾಟರಿ ತೀರಾ ಇಳಿದಾಗ ಅದು ದೀಪಗಳನ್ನು ತಾನೇ ಕತ್ತರಿಸಿ ಬ್ಯಾಟರಿಯ ಜೀವ ಉಳಿಸುತ್ತದೆ. ಊರಿನ ಎಲೆಕ್ಟ್ರಿಷಿಯನ್ ಹುಡುಗ ರೌಟರ್ ಮತ್ತು ಕ್ಯಾಮೆರಾವನ್ನು ಈ ಡಬ್ಬಿಯ ಮೂಲಕವೇ ಕೊಡ್ತೀನಿ ಅಂದ. ನಾನು ಬೇಡ, ನೇರ ಬ್ಯಾಟರಿಗೆ ಕೊಡು ಅಂದೆ. ಡಬ್ಬಿ ಕತ್ತರಿಸಿದರೆ ಕ್ಯಾಮೆರಾ ಹೋಗುತ್ತಲ್ಲ! "ಅಣ್ಣ, ಬ್ಯಾಟರಿಗೆ ಒಳ್ಳೇದಲ್ಲ" ಅಂದ. ಕೇಳಲಿಲ್ಲ. ನಾನು ಇಂಜಿನಿಯರು.

ರೌಟರ್, ಕ್ಯಾಮೆರಾ ಸೇರಿ ಹತ್ತು ವ್ಯಾಟ್. ಹತ್ತು ವ್ಯಾಟ್ ಅಂದರೆ ಏನು ಮಹಾ ಅನಿಸುತ್ತೆ. ಆದರೆ ದೀಪ ಐದು ಗಂಟೆ ಉರಿದರೆ ಇವು ಇಪ್ಪತ್ನಾಲ್ಕು ಗಂಟೆ ಉರಿಯುತ್ತವೆ. ದಿನಕ್ಕೆ 20 ಎಎಚ್. ಅಮ್ಮನ ದೀಪ, ಅಮ್ಮನ ಮೊಬೈಲು ಎಲ್ಲಾ ಸೇರಿ ಐದು, ನನ್ನ ನೆಮ್ಮದಿಗೆ ಇಪ್ಪತ್ತು. ಒಟ್ಟು 25 ಖರ್ಚು, ಬಿಸಿಲಿದ್ದ ದಿನವೇ 18 ವರಮಾನ. ಮಳೆಗಾಲದಲ್ಲಿ ಎಂಟು. ಈ ಕೂಡು-ಕಳೆ ಆಗ ಮಾಡಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಸ್ವಲ್ಪ ದಿನಕ್ಕೇ ಅಮ್ಮನ ಫೋನು. "ದೀಪ ಬೇಗ ಹೋಗ್ತದೆ ಮಾರಾಯ." ನಾನು ಏನು ಮಾಡಿದೆ? ಶಿವಮೊಗ್ಗದ ಒಂದು ಅಂಗಡಿಗೆ ಫೋನ್ ಮಾಡಿ, ಆನ್‌ಲೈನಿನಲ್ಲಿ ದುಡ್ಡು ಕಳಿಸಿ, ಇನ್ನೊಂದು ಬ್ಯಾಟರಿ ಹಾಕಿಸಿದೆ. ಸಮಸ್ಯೆ ಪರಿಹಾರ! ನಿಜವಾಗಿಯೂ ಹಾಗನ್ನಿಸಿತು. ಹತ್ತು ದಿನ ದೀಪ ಝಗ್ ಅಂತ ಉರಿಯಿತು.

ಇಲ್ಲೇ ಇರುವುದು ಮೋಸ. ಹೊಸ ಬ್ಯಾಟರಿ ಅಂಗಡಿಯಿಂದ ಬರುವಾಗಲೇ ತುಂಬಿಕೊಂಡು ಬರುತ್ತದೆ. ನಾನು ಕೊಂಡದ್ದು 75 ಎಎಚ್‌ನ ಒಂದು ದೊಡ್ಡ ಕೊಡ ನೀರು. ದಿನಕ್ಕೆ ಏಳರ ಕೊರತೆ ಇತ್ತು, ಹತ್ತು ದಿನ ಬಂತು, ಮುಗಿಯಿತು. ಕೊಡ ಖಾಲಿಯಾದ ಮೇಲೆ ಅದನ್ನು ತುಂಬಲು ಬಾವಿಯಲ್ಲಿ ನೀರೇ ಇರಲಿಲ್ಲ. ಬ್ಯಾಟರಿ ಹೆಚ್ಚಿಸಿದವರೆಲ್ಲ "ಮೊದ್ಲು ಚೆನ್ನಾಗಿತ್ತು, ಆಮೇಲೆ ಕಂಪನಿ ಮಾಲು ಸರಿ ಇಲ್ಲ" ಅಂತ ಬೈಯುವುದು ಇದಕ್ಕೇ. ಮಾಲು ಸರಿಯಾಗಿಯೇ ಇರುತ್ತದೆ. ನಾವು ಕಿಟ್ಟಿದ ಲೆಕ್ಕ ಸರಿ ಇರುವುದಿಲ್ಲ.

ಮತ್ತೆ ಫೋನು. ಮತ್ತೆ ಬ್ಯಾಟರಿ, ಮೂರನೆಯದು. ಈ ಸಲ ಇನ್ನೊಂದು ತಪ್ಪೂ ಸೇರಿತು. ನಾಲ್ಕು ವರ್ಷದ್ದು, ಒಂದು ವರ್ಷದ್ದು, ಹೊಸದು, ಮೂರನ್ನೂ ಒಂದೇ ತಂತಿಗೆ ಜೋಡಿಸಿದೆವು. ಹೀಗೆ ಕಟ್ಟಿದ ಬ್ಯಾಟರಿಗಳು ಒಟ್ಟು ಕುಟುಂಬದ ಹಾಗೆ. ಸೋರುವ ಹಳೆಯದು ಹೊಸದರ ರಕ್ತ ಹೀರುತ್ತಲೇ ಇರುತ್ತದೆ, ರಾತ್ರಿಯಿಡೀ, ಒಂದು ದೀಪವೂ ಉರಿಯದಿದ್ದಾಗಲೂ. ಕೊನೆಗೆ ಮೂರೂ ಹಳೆಯವೇ.

ಅಮ್ಮ ಒಂದು ದಿನ ಹೇಳಿದರು: "ನೀ ಎಂತ ತಂದು ಹಾಕಿದ್ರೂ ಅಷ್ಟೇ. ಒಂಬತ್ತು ಹೊಡೀತಿದ್ದ ಹಾಗೆ ಕತ್ಲೆ." ನಾನು "ಮಳೆಗಾಲ ಅಲ್ವಾ ಅಮ್ಮ, ಬಿಸಿಲಿಲ್ಲ" ಅಂದೆ. ಸೂರ್ಯನ ಮೇಲೆ ಹಾಕಿಬಿಟ್ಟೆ. ಅವನು ತಿರುಗಿ ಮಾತಾಡಲ್ಲವಲ್ಲ.

ಆ ಜುಲೈ ತಿಂಗಳ ಒಂದು ರಾತ್ರಿ ಒಂಬತ್ತೂಕಾಲಿಗೆ ಇಂದಿರಾನಗರದ ಹೋಟೆಲೊಂದರಲ್ಲಿ ಕೂತು ಆರ್ಡರ್‌ಗೆ ಕಾಯುತ್ತಾ ಕ್ಯಾಮೆರಾದ ಆ್ಯಪ್ ತೆಗೆದೆ. ಕತ್ತಲಲ್ಲೂ ಕಾಣುವ ಕ್ಯಾಮೆರಾ ಅದು, ಕಪ್ಪುಬಿಳುಪು ಚಿತ್ರ. ಮೆಟ್ಟಿಲಿನ ದೀಪ ಇರಲಿಲ್ಲ. ಅಮ್ಮ ಟಾರ್ಚ್ ಹಿಡಿದು ಕೊಟ್ಟಿಗೆ ಕಡೆ ಹೊರಟಿದ್ದರು. ಕರು ಕೂಗಿರಬೇಕು. ಮೂರನೇ ಮೆಟ್ಟಿಲಿನಲ್ಲಿ, ಹಾವಸೆ ಕಟ್ಟಿದ ಕಲ್ಲಿನ ಮೇಲೆ, ಕಾಲು ಜಾರಿತು. ಟಾರ್ಚ್ ಉರುಳಿ ಹೋಯಿತು. ನಾನು ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದಿಂದ, ತುಂಬಾ ಸ್ಪಷ್ಟವಾಗಿ, ನೋಡಿದೆ.

ಪಕ್ಕದ ಮನೆಯವರಿಗೆ ಫೋನ್ ಮಾಡಿದೆ, ಅವರು ಓಡಿ ಬಂದರು. ಬಲಗೈಯ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರು. ಇನ್ನೂ ಕೆಟ್ಟದಾಗಬಹುದಿತ್ತು ಅಂತ ಎಲ್ಲರೂ ಸಮಾಧಾನ ಹೇಳಿದರು. ನಿಜ, ಆಗಬಹುದಿತ್ತು.

ಮರುದಿನ ಬಸ್ಸಿಳಿದು ಮನೆಗೆ ಹೋದೆ. ಎಲೆಕ್ಟ್ರಿಷಿಯನ್ ಹುಡುಗ ಹೈಡ್ರೋಮೀಟರ್ ತಂದು ಬ್ಯಾಟರಿಯ ಒಂದೊಂದೇ ಮುಚ್ಚಳ ತೆಗೆದು ನೀರೆಳೆದು ನೋಡಿದ. ತುಂಬಿದ ಬ್ಯಾಟರಿಯಲ್ಲಿ 1240ರ ಹತ್ತಿರ ತೋರಿಸಬೇಕು. ಮೂರರಲ್ಲೂ 1150ರ ಆಸುಪಾಸು. ಅಂದರೆ ಮೂರೂ ಅರೆಜೀವ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಣ್ಣ, ದೀಪ ಕಟ್ ಆದ್ಮೇಲೂ ನಿಮ್ ಕ್ಯಾಮೆರಾ ಹೀರ್ತಾನೇ ಇತ್ತು."

ಅಮ್ಮನ ಮೆಟ್ಟಿಲಿಗೆ ಮೂರು ವ್ಯಾಟ್ ಇರಲಿಲ್ಲ. ಅಮ್ಮ ಬೀಳುವುದನ್ನು ನನಗೆ ತೋರಿಸಲು ಹತ್ತು ವ್ಯಾಟ್ ಇತ್ತು.

ಇದಕ್ಕಿಂತ ಹೆಚ್ಚಿಗೆ ಆ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ. ಆದರೆ ಕೋಪದಿಂದ ಬರೆಯಬೇಕಾದದ್ದು ಇನ್ನೂ ಇದೆ. ಯಾಕೆಂದರೆ ಇಂಥ ಪೆಟ್ಟು ನಮ್ಮ ಮನೆಗೆ ಮಾತ್ರ ಬಿದ್ದದ್ದಲ್ಲ. ಕೆಳಗಿನ ಮನೆಯವರು ಸೋಲಾರ್ ಹಾಕಿಸಬೇಕೆಂದಿದ್ದರು. ಮೂರು ಬ್ಯಾಟರಿ ಇದ್ದೂ ಒಂಬತ್ತಕ್ಕೆ ಕತ್ತಲಾಗುವ ನಮ್ಮ ಮನೆ ನೋಡಿ ಬಿಟ್ಟೇಬಿಟ್ಟರು. "ಸೋಲಾರ್ ಅಂದ್ರೆ ಅಷ್ಟೇ, ನಮ್ ಕಡೆಗೆ ಆಗಲ್ಲ" ಅನ್ನುವ ಮಾತು ಊರಲ್ಲಿ ಹುಟ್ಟಿದ್ದು ಸೂರ್ಯನಿಂದಲ್ಲ, ನನ್ನಂಥ ಪೇಟೆ ಮಕ್ಕಳಿಂದ.

ಇದೇ ಕರ್ನಾಟಕದಲ್ಲಿ 1995ರಿಂದ ಸೆಲ್ಕೋ ಕಂಪನಿ ಬ್ಯಾಂಕ್ ಸಾಲದ ಮೇಲೆ ಬಡವರ ಮನೆಗಳಿಗೆ ಪುಟ್ಟ ಪುಟ್ಟ ಸೋಲಾರ್ ದೀಪ ಹಾಕಿಕೊಂಡು ಬಂದಿದೆ. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿನ ಪಾಠ ಸರಳ: ಮೊದಲು ಮನೆಯವರನ್ನು ಕೇಳು. ಎಷ್ಟು ದೀಪ, ಎಲ್ಲಿ, ಎಷ್ಟು ಹೊತ್ತು? ಆಮೇಲೆ ಸಾಮಾನು. ನಾವು ಮೊದಲು ಸಾಮಾನು ತರುತ್ತೇವೆ. ಮನೆಯವರನ್ನು ಕೇಳುವುದು ಅವರು ಬಿದ್ದ ಮೇಲೆ.

ಈಗ ನಿಮ್ಮ ತಕರಾರುಗಳು. ಕ್ಯಾಂಟೀನಿನಲ್ಲೇ ಎಲ್ಲ ಕೇಳಿದ್ದೀನಿ.

"ಮೋಡದ ದಿನಗಳಿಗೆ ಸ್ಟಾಕ್ ಬೇಡ್ವಾ?" ಬೇಕು. ಎರಡು ಮೂರು ದಿನ ಬಿಸಿಲಿಲ್ಲದಿದ್ದರೆ ತಡೆಯುವಷ್ಟು ಬ್ಯಾಟರಿ ಇರಲೇಬೇಕು, ಒಪ್ಪಿದೆ. ಆದರೆ ಸ್ಟಾಕ್ ಅನ್ನಬೇಕಾದರೆ ಅದು ತುಂಬಿರಬೇಕು. ಹತ್ತು ಮೂಟೆ ಬೆಳೆಯುವ ಗದ್ದೆಗೆ ನೂರು ಮೂಟೆಯ ಕಣಜ ಕಟ್ಟಿ, ಬರಗಾಲಕ್ಕೆ ಸಿದ್ಧ ಅಂದರೆ ಇಲಿಗಳೂ ನಗುತ್ತವೆ. ಮೋಡ ಹೋದ ಮೇಲೆ ದಿನದ ಖರ್ಚು ನಡೆಸಿಕೊಂಡೇ ನಾಲ್ಕೈದು ದಿನದಲ್ಲಿ ಬ್ಯಾಟರಿ ಮತ್ತೆ ತುಂಬುತ್ತದೆಯೇ? ತುಂಬಿದರೆ ನಿಮ್ಮ ಪ್ಯಾನಲ್ ಸರಿ ಇದೆ. ತುಂಬದಿದ್ದರೆ ನಿಮಗೆ ಬೇಕಿರುವುದು ಪ್ಯಾನಲ್.

"ಎಂಪಿಪಿಟಿ ಕಂಟ್ರೋಲರ್ ಹಾಕಿದ್ರೆ?" ಹಾಕಿ, ಒಳ್ಳೆಯದೇ. ಹತ್ತಿಪ್ಪತ್ತು ಪರ್ಸೆಂಟ್ ಹೆಚ್ಚು ಸಿಗಬಹುದು. ನೂರಿಪ್ಪತ್ತರಿಂದ ಆರುನೂರು ತುಂಬಲ್ಲ.

"ಡಯೋಡ್ ಹಾಕಿ ಬೇರೆ ಬೇರೆ ಮಾಡಿದ್ರೆ ಒಂದು ಇನ್ನೊಂದನ್ನು ಹೀರಲ್ಲವಲ್ಲ?" ಹೀರಲ್ಲ, ಸರಿ. ಆದರೆ ಡಯೋಡ್ ದಾಟುವಾಗ ಅರ್ಧ ವೋಲ್ಟಿನಷ್ಟು ಸುಂಕ ಕಟ್ಟಬೇಕು. ಬ್ಯಾಟರಿ ಪೂರ್ತಿ ತುಂಬಲು 14.4 ವೋಲ್ಟ್ ಬೇಕು, ತಲುಪುವುದು 13.9. ಮತ್ತೆ ಅದೇ ಅರೆಹೊಟ್ಟೆ, ಅದೇ ಹರಳು.

"ಲಿಥಿಯಂ ಹಾಕ್ತೀನಿ ಬಿಡಿ ಸಾರ್, ಲೆಡ್ ಎಲ್ಲ ಹಳೇಕಾಲದ್ದು." ಇದರಲ್ಲಿ ಸ್ವಲ್ಪ ಸತ್ಯ ಇದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅರ್ಧ ತುಂಬಿದ್ದರೆ ಹಾಳಾಗುವುದಿಲ್ಲ, ಸೋರಿಕೆ ಕಡಿಮೆ, ಕೊಟ್ಟದ್ದರಲ್ಲಿ ಹೆಚ್ಚಿನ ಪಾಲು ವಾಪಸ್ ಕೊಡುತ್ತದೆ. ಅಂದರೆ ಬ್ಯಾಂಕು ದಂಡ ಹಾಕುವುದನ್ನು ನಿಲ್ಲಿಸಿತು. ಸಂಬಳ ಹೆಚ್ಚಾಯಿತಾ? ಇಲ್ಲ. ಖಾಲಿ ಲಿಥಿಯಂ ಕೂಡ ಖಾಲಿಯೇ, ಮನೆಯೂ ಅಷ್ಟೇ ಕತ್ತಲು. ಮತ್ತೆ ದಯವಿಟ್ಟು ಹಳೆಯ ಲೆಡ್ ಬ್ಯಾಟರಿಯ ಪಕ್ಕ ಅದೇ ತಂತಿಗೆ ಲಿಥಿಯಂ ಕಟ್ಟಬೇಡಿ. ಎರಡರ ಹಸಿವೂ ಬೇರೆ, ಊಟದ ಹೊತ್ತೂ ಬೇರೆ.

"ಪ್ಯಾನಲ್ ದುಬಾರಿ ಅಲ್ವಾ?" ಇದು ನಿಜಕ್ಕೂ ಹಳೇಕಾಲದ ಮಾತು. ಹಿಂದೆ ಪ್ಯಾನಲ್ ಚಿನ್ನದ ಹಾಗಿತ್ತು, ಬ್ಯಾಟರಿ ಅಗ್ಗ. ಈಗ ಉಲ್ಟಾ. 75 ವ್ಯಾಟಿನ ಇನ್ನೊಂದು ಪ್ಯಾನಲ್, ಅದೇ ಅಳತೆಯ ಟ್ಯೂಬ್ಯುಲರ್ ಬ್ಯಾಟರಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಪ್ಯಾನಲ್ ಇಪ್ಪತ್ತು ವರ್ಷ ಮೇಲ್ಪಟ್ಟು ಬಾಳುತ್ತದೆ. ಲೆಡ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ಐದು ವರ್ಷ. ಹಾಗಿದ್ದೂ ಅಂಗಡಿಯವನು ಬ್ಯಾಟರಿಯನ್ನೇ ಯಾಕೆ ತೋರಿಸುತ್ತಾನೆ? ಪದೇಪದೇ ಬರುವ ಗಿರಾಕಿ ಯಾರಿಗೆ ಬೇಡ? ಅವನು ಬ್ಯಾಟರಿ ಮಾರುತ್ತಾನೆ, ಬಿಸಿಲು ಮಾರುವುದಿಲ್ಲ.

ಇದು ಹೊಲ-ಮನೆಗೆ ಮಾತ್ರ ಅಂದುಕೊಳ್ಳಬೇಡಿ. ಕುಮಾರಪರ್ವತದ ಚಾರಣಕ್ಕೆ ಹೋಗುವ ಗುಂಪನ್ನೇ ನೋಡಿ. 20 ವ್ಯಾಟ್ ಅಂತ ಬರೆದಿರುವ ಮಡಚುವ ಪ್ಯಾನಲ್ ಒಂದು. ಬ್ಯಾಗಿನ ಮೇಲೆ ಅಡ್ಡಾದಿಡ್ಡಿ ಕಟ್ಟಿದರೆ ಅದು ಹತ್ತು ಕೊಟ್ಟರೆ ಪುಣ್ಯ. ಅದಕ್ಕೆ ಹಬ್ ಸಿಕ್ಕಿಸಿ ನಾಲ್ಕು ಜನದ ಫೋನು, ಎರಡು ಪವರ್ ಬ್ಯಾಂಕು. 20,000 ಎಂಎಎಚ್ ಪವರ್ ಬ್ಯಾಂಕ್ ಒಂದೇ 74 ವ್ಯಾಟ್ ಅವರ್ ನುಂಗುತ್ತದೆ, ಅಂದರೆ ಆ ಪ್ಯಾನಲ್ಲಿನ ಏಳೆಂಟು ಗಂಟೆಯ ದುಡಿಮೆ. ಸಂಜೆಗೆ ಎಲ್ಲರ ಫೋನಿನಲ್ಲೂ ಹದಿನೈದು ಪರ್ಸೆಂಟು, ತುರ್ತಿಗೆ ಕರೆ ಮಾಡಬಲ್ಲ ಫೋನು ಒಂದೂ ಇಲ್ಲ. ಮೂರು ಫೋನು ಆಫ್ ಮಾಡಿ ಒಂದನ್ನು ತುಂಬಿಸಿದ್ದರೆ ನಾಲ್ವರೂ ಕ್ಷೇಮ. ಆದರೆ ಯಾರ ಫೋನು ಆಫ್ ಮಾಡಬೇಕು? ಅಲ್ಲಿಗೆ ಬಂತು ನೋಡಿ ಜಗಳ.

ಸರಿ, ಈಗಾಗಲೇ ಬ್ಯಾಟರಿ ತಂದು ಕೂತವರು ಏನು ಮಾಡಬೇಕು? ಉತ್ತರ ನನಗೆ ಕೊಟ್ಟದ್ದು ಅಮ್ಮ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ನಾನು, ಆ ಹುಡುಗ ಮೂರು ಬ್ಯಾಟರಿ ಮುಂದಿಟ್ಟುಕೊಂಡು ಪೇಪರಿನಲ್ಲಿ ಗೀಚುತ್ತಿದ್ದೆವು. ಅಮ್ಮ ಕೇಳಿಸಿಕೊಂಡು ಹೇಳಿದರು: "ಬೇಸಿಗೇಲಿ ಕೆರೇಲಿ ನೀರು ಕಮ್ಮಿ ಇದ್ದಾಗ ತೋಟದ ಎಲ್ಲಾ ಸಾಲಿಗೂ ಒಟ್ಟಿಗೆ ಬಿಡ್ತಾರನಾ? ಬಿಟ್ರೆ ಅರ್ಧ ದಾರೀಲೇ ಮಣ್ಣು ಕುಡಿದು ಮುಗೀತದೆ. ಒಂದು ಮರದ ಬುಡಕ್ಕೂ ಮುಟ್ಟಲ್ಲ. ಒಂದು ಸಾಲು ತಣಿದ ಮೇಲೆ ಇನ್ನೊಂದು ಸಾಲಿನ ಬಾಯಿ ಬಿಡಿಸೋದು."

ನಲವತ್ತು ವರ್ಷ ಅಡಿಕೆ ತೋಟಕ್ಕೆ ನೀರು ಬಿಟ್ಟವರು. ಸಣ್ಣ ಪ್ಯಾನಲ್ಲಿನಿಂದ ಹಲವು ಬ್ಯಾಟರಿ ಚಾರ್ಜ್ ಮಾಡುವ ಸರಿಯಾದ ವಿಧಾನ ಇದೇ, ಬೇರೆ ಇಲ್ಲ. ಒಂದನ್ನು ಪೂರ್ತಿ ತುಂಬಿಸು, ಬಾಯಿ ಮುಚ್ಚು, ಇನ್ನೊಂದರದ್ದು ತೆರೆ.

ನಾವು ಮಾಡಿದ್ದು ಹೀಗೆ. ಮೂರರಲ್ಲಿ ತೀರಾ ಹಳೆಯದನ್ನು ಡೀಲರ್‌ಗೆ ವಾಪಸ್ ಕೊಟ್ಟೆವು. ಸೀಸದ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ. ಆಸಿಡ್ ಚೆಲ್ಲಿ, ಹೊಲದಲ್ಲಿ ಸೀಸ ಕರಗಿಸುವವರ ಕೈಗೆ ಅದು ಹೋಗುವುದು ಬೇಡ. ಉಳಿದ ಎರಡನ್ನು ವರ್ಕ್‌ಶಾಪಿನಲ್ಲಿ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿದೆವು. ಸಾಕಷ್ಟು ಚೇತರಿಸಿಕೊಂಡವು, ಮೊದಲಿನ ಹಾಗಲ್ಲ. ಇವನ್ನು ಒಂದೇ ತಂತಿಗೆ ಕಟ್ಟದೆ ನಡುವೆ ಒಂದು-ಸೊನ್ನೆ-ಎರಡು ಅಂತ ತಿರುಗಿಸುವ ಚೇಂಜ್‌ಓವರ್ ಸ್ವಿಚ್, ಒಂದೊಂದು ಬ್ಯಾಟರಿಗೂ ಒಂದೊಂದು ಫ್ಯೂಸ್. ಒಂದು ವಾರ ಒಂದನೆಯದು ದುಡಿಯುತ್ತದೆ, ಎರಡನೆಯದು ತುಂಬಿಕೊಂಡು ಸುಮ್ಮನೆ ಕೂತಿರುತ್ತದೆ. ಮುಂದಿನ ವಾರ ಅದಲುಬದಲು. ಸ್ವಿಚ್ ತಿರುಗಿಸುವುದು ಸೂರ್ಯ ಮುಳುಗಿದ ಮೇಲೆ. ಪ್ಯಾನಲ್ ಉರಿಯುತ್ತಿರುವಾಗ ಬ್ಯಾಟರಿ ತಪ್ಪಿಸಿದರೆ ಕೆಲವು ಕಂಟ್ರೋಲರ್‌ಗಳು ತಡೆಯುವುದಿಲ್ಲ. ಮಳೆ ಹಿಡಿದು ಒಂದನೆಯದು ಇಳಿದರೆ, ತುಂಬಿದ ಎರಡನೆಯದು ಇದೆ. ಸ್ಟಾಕ್ ಅಂದರೆ ಇದು.

ಎರಡೂ ಬ್ಯಾಟರಿಯನ್ನು ಒಟ್ಟಿಗೇ ಕಟ್ಟಲೇಬೇಕು ಅನ್ನುವವರಿಗೆ: ಒಂದೇ ದಿನ ಕೊಂಡ, ಒಂದೇ ಕಂಪನಿಯ, ಒಂದೇ ಅಳತೆಯವಾಗಿರಲಿ. ಪ್ಲಸ್ ತಂತಿ ಮೊದಲ ಬ್ಯಾಟರಿಯಿಂದ, ಮೈನಸ್ ಕೊನೆಯದರಿಂದ ತೆಗೆಯಿರಿ, ಆಗ ಎರಡೂ ಸಮನಾಗಿ ದುಡಿಯುತ್ತವೆ. ಇನ್ನು ಕಂಟ್ರೋಲರ್ ಇಲ್ಲದೆ ಪ್ಯಾನಲ್ಲನ್ನು ನೇರ ಬ್ಯಾಟರಿಗೆ ಕಟ್ಟುವ ಬುದ್ಧಿವಂತಿಕೆ ಯಾವತ್ತೂ ಬೇಡ. 12 ವೋಲ್ಟಿನದು ಅಂತ ಬರೆದ ಪ್ಯಾನಲ್ ಬಿಸಿಲಿನಲ್ಲಿ ಇಪ್ಪತ್ತರ ಮೇಲೆ ಹೋಗುತ್ತದೆ. ಸಣ್ಣ ಬ್ಯಾಟರಿಯಾದರೆ ಕುದಿಸಿ ಕೊಲ್ಲುತ್ತದೆ.

ಆಮೇಲೆ ಇನ್ನೊಂದು 75 ವ್ಯಾಟಿನ ಪ್ಯಾನಲ್ ಹಾಕಿಸಿದೆ. ಮೊದಲ ಫೋನಿಗೇ ಮಾಡಬೇಕಾಗಿದ್ದ ಕೆಲಸ. ರೌಟರಿಗೆ ಒಂದು ಸ್ವಿಚ್, ಸಂಜೆ ಮೂರು ಗಂಟೆ ಮಾತ್ರ, ಅದೂ ಕಂಟ್ರೋಲರ್ ಮೂಲಕ. ಕ್ಯಾಮೆರಾ ಬಿಚ್ಚಿಸಿದೆ. ಹೋದ ಮಳೆಗಾಲ ಪೂರ್ತಿ ಮೆಟ್ಟಿಲಿನ ದೀಪ ಉರಿದಿದೆ. ಸ್ವಿಚ್ ತಿರುಗಿಸುವುದು ಅಮ್ಮನೇ, ಪ್ರತಿ ಸೋಮವಾರ ಸಂಜೆ, ತುಳಸಿಕಟ್ಟೆಗೆ ದೀಪ ಇಟ್ಟ ಮೇಲೆ.

ಕ್ಯಾಂಟೀನಿನಲ್ಲಿ ಇಷ್ಟೆಲ್ಲ ಹೇಳಲು ಪುರಸೊತ್ತಿರಲಿಲ್ಲ, ಅವನಿಗೆ ಎರಡು ಗಂಟೆಗೆ ಮೀಟಿಂಗ್. ಎದ್ದು ಹೋಗುವಾಗ "ಹಂಗಾದ್ರೆ ಈಗೇನ್ ಮಾಡ್ಲಿ?" ಅಂದ. ಮೂರು ಬ್ಯಾಟರಿ ವಾಪಸ್ ತಗೊಳ್ತಾರಾ ಕೇಳು, ಆ ದುಡ್ಡಲ್ಲಿ ಇನ್ನೊಂದು ಪ್ಯಾನಲ್ ತಗೋ, ಮಿಕ್ಕಿದ್ದು ಜೇಬಲ್ಲಿಟ್ಕೋ ಅಂದೆ. ಒಂದು 150ಕ್ಕೆ 200 ವ್ಯಾಟ್ ಬಂದರೆ ರಾಜನ ಹಾಗೆ ಇರಬಹುದು. ಅವನ ಮುಖ ಸಣ್ಣಗಾಯಿತು. "ಒಂದೇ ಬ್ಯಾಟರಿ ಇದ್ರೆ ಫೋಟೋದಲ್ಲಿ ಏನೋ ಖಾಲಿ ಖಾಲಿ ಕಾಣ್ಸುತ್ತಲ್ಲ ಮಗಾ" ಅಂದ.

ತಮಾಷೆಗೆ ಹೇಳಿದ ಅಂದುಕೊಂಡಿದ್ದೀನಿ.

ನಾನು ಈಗ ದಿನಾ ರಾತ್ರಿ ಒಂಬತ್ತೂಕಾಲಿಗೆ ಫೋನ್ ಮಾಡುತ್ತೇನೆ. ನೋಡಲು ಕ್ಯಾಮೆರಾ ಇಲ್ಲ, ಹಾಗಾಗಿ ಕೇಳಬೇಕು. "ಹೊರಗಿನ ದೀಪ ಉರೀತಿದ್ಯಾ ಅಮ್ಮ?" "ಉರೀತಿದೆ ಮಾರಾಯ. ಎಷ್ಟ್ ಸಲ ಕೇಳ್ತೀಯ?"

ಇನ್ನೂ ಸ್ವಲ್ಪ ದಿನ ಕೇಳ್ತೀನಿ.